ಹಾವಸೆ ಲೆಕ್ಕ

ಆಷಾಢದಲ್ಲಿ ಕೂತು ಜನವರಿಯನ್ನು ನೋಡುವುದು ನನ್ನ ಕೆಲಸ.
ವಾಸ್ಕೋದ ತುದಿ, ಸಡಾ ಗುಡ್ಡ, ಎರಡನೇ ಮಹಡಿ.
ಕಿಟಕಿಯಾಚೆ ಬಂದರು ಕಾಣುವುದಿಲ್ಲ, ಮಳೆ;
ಪರದೆಯೊಳಗೆ ಅಂಟಾರ್ಕ್ಟಿಕದ ಬೇಸಿಗೆ,
ಮುಳುಗಲು ಮನಸ್ಸಿಲ್ಲದ ಬಿಸಿಲು.

ನೂರಕ್ಕೆ ಎಂಬತ್ತು ಚಿತ್ರ ಬರೀ ಮೋಡ.
ಅವನ್ನು ಪಕ್ಕಕ್ಕೆ ತಳ್ಳುತ್ತೇನೆ.
ಉಳಿದದ್ದರಲ್ಲಿ ಹಿಮ ಹುಡುಕುತ್ತೇನೆ,
ಹಿಮದಲ್ಲಿ ಹಿಮವಲ್ಲದ್ದನ್ನು.

ಅಷ್ಟು ಮೇಲಿಂದ ಹತ್ತು ಮೀಟರಿಗೊಂದು ಚೌಕ.
ಹಿಗ್ಗಿಸಿದರೆ ಕೌದಿಯ ತುಂಡುಗಳು:
ಬಿಳಿ, ಬಿಳಿ, ಬೂದು, ಬಿಳಿ,
ಆಮೇಲೊಂದು, ಒಗೆದ ಪಂಚೆಗೆ ಯಾರೋ
ಮದರಂಗಿ ಕೈ ಒರೆಸಿದ ಹಾಗೆ.

ಹಾವಸೆ.
ಕೆಂಪು ಬೆಳಕನ್ನು ಕುಡಿದು
ಕೆಂಪಿನಾಚೆಯದನ್ನು, ನಮ್ಮ ಕಣ್ಣಿಗೆ ಕಾಣದ್ದನ್ನು, ಉಗುಳುತ್ತದೆ;
ಆ ಉಗುಳಿನಿಂದಲೇ ಸಿಕ್ಕಿಬೀಳುತ್ತದೆ.
ಸುತ್ತ ಗೆರೆ ಎಳೆದು ಒಂದು ಅಂಕಿ ಕೊಡುತ್ತೇನೆ.
ಬಂಡೆಯ ಮೇಲಿನ ಪಾಚಿಗೆ ಬೇರೆ ಅಂಕಿ,
ಅನುಮಾನಕ್ಕೆ ಬೇರೆ.
ಅನುಮಾನದ ಪಟ್ಟಿಯೇ ಉದ್ದ.

ಫಕೀರವ್ವ ಕಸಬರಿಗೆ ಗೋಡೆಗಾನಿಸಿ ಹಿಂದೆ ನಿಲ್ಲುತ್ತಾಳೆ.
ಶಿರಹಟ್ಟಿ ಕಡೆಯವಳು, ಬೈನಾದಲ್ಲಿ ಮನೆ,
ಕೈತುಂಬ ಹಸಿರು ಬಳೆ.
"ಏನ್ರೀ ಅಕ್ಕಾರ ಅದು, ಬಿಳೇದ್ರಾಗ?"
ಹೇಳಿದೆ.
"ಅಲ್ಲಿ ಯಾರ್ರೀ ಗೊಬ್ಬರಾ ಹಾಕಾವ್ರು?"
ಪೆಂಗ್ವಿನ್ ಹಿಕ್ಕೆ, ಅಂದೆ, ಅವುಗಳ ಕೇರಿಯ ಸುತ್ತಲೇ ಹೆಚ್ಚು.
ನಕ್ಕಳು. "ಹಂಗಾರ ಹೊಲಕ್ಕ ಕುರಿ ತರುಬಿದಂಗಾತು."
ನನ್ನ ವರದಿಯ ನಾಲ್ಕು ಪುಟ
ಅಲ್ಲಿಗೆ ಮುಗಿದಿತ್ತು.

"ಹಸರ ಬಂದ್ರ ಚಲೋ ಅಲ್ಲೇನ್ರೀ?"
ಇದಕ್ಕೆ ನನ್ನಲ್ಲಿ ಅಂಕಿಯಿರಲಿಲ್ಲ.
ಬಿಳಿ ಬಿಸಿಲನ್ನು ಹಿಂದಕ್ಕೆಸೆಯುತ್ತದೆ, ಹಸಿರು ಇಟ್ಟುಕೊಳ್ಳುತ್ತದೆ,
ಇಟ್ಟುಕೊಂಡಷ್ಟೂ ಕರಗು, ಕರಗಿದಷ್ಟೂ ಹಸಿರು
ಅನ್ನುತ್ತಿದ್ದಾಗ ಅವಳು ಕಿಟಕಿಯ ದಂಡೆಗೆ ಬೆರಳೆಳೆದು ತೋರಿಸಿದಳು:
ಬಂದರಿನ ಕಲ್ಲಿದ್ದಲ ಕರಿ.
"ಬಿಳೇ ಅಂಗಿ ಹೊರಗ ಒಣಗ ಹಾಕೂದು ಬಿಟ್ಟು
ಆರು ವರ್ಷಾತ್ರೀ ನಾವು."

ಗುರುವಾರ ಹಿಂಬದಿಯ ಮೆಟ್ಟಿಲಲ್ಲಿ ಜಾರಿದಳು.
ಕೆಂಪು ಜಂಬಿಟ್ಟಿಗೆಯ ಹನ್ನೊಂದು ಮೆಟ್ಟಿಲು.
ಮಳೆಗಾಲದುದ್ದಕ್ಕೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದವಳೇ,
ಅವತ್ತು ಉಜ್ಜದೆ ಉಳಿದ ಏಳನೆಯದರಲ್ಲಿ.
ಬಿದ್ದಾಗ ಒಡೆದದ್ದು ಎರಡು ಬಳೆ,
ಉಳಿದವನ್ನು ಚಿಕಾಲಿಂ ಆಸ್ಪತ್ರೆಯಲ್ಲಿ ಒಡೆದು ಪ್ಲಾಸ್ಟರ್ ಸುತ್ತಿದರು.
ಎಲುಬಿಗಲ್ಲ, ಬಳೆಗೆ ಅತ್ತಳಂತೆ.

ಮೂರು ವಾರ. ಬದಲಿ ಯಾರೂ ಬರಲಿಲ್ಲ.
ಏಳರಿಂದ ಆರಕ್ಕೆ, ನೀರಿಳಿವ ದಾರಿ ಹಿಡಿದು ಐದಕ್ಕೆ,
ಅಲ್ಲಿಂದ ಗೋಡೆಗೆ.
ಬೆಳಿಗ್ಗೆ ಎಣಿಸುತ್ತೇನೆ, ಸಂಜೆ ಎಣಿಸುತ್ತೇನೆ,
ಕಂಬಿ ಹಿಡಿದು ಇಳಿಯುತ್ತೇನೆ.
ಎಣಿಸುವುದು ನನಗೆ ಬರುತ್ತದೆ.

ಯಾರೂ ಇಲ್ಲದಾಗ ಒಮ್ಮೆ ನಮ್ಮದೇ ಗುಡ್ಡದ ಚಿತ್ರ ತೆರೆದೆ.
ಮೋಡ. ಹಿಂದಿನ ವಾರ, ಮೋಡ.
ಅದರ ಹಿಂದಿನದು, ಮೋಡದ ನೆರಳು.
ಬಿಸಿಲಿನ ಮಾರ್ಚಿಗೆ ಹೋದರೆ
ಇಡೀ ಕಟ್ಟಡ ಹಿಡಿಯಷ್ಟು ಚೌಕ,
ಮೆಟ್ಟಿಲು ಒಂದು ಚೌಕದ ಮೂಲೆ,
ಅಲ್ಲಿ ಬಿದ್ದ ಹೆಂಗಸು?
ಹತ್ತು ಮೀಟರಿಗಿಂತ ಸಣ್ಣದು ಯಾವುದೂ
ಈ ನಕ್ಷೆಯಲ್ಲಿ ಬೀಳುವುದಿಲ್ಲ.

ಇವತ್ತು ಬಂದಿದ್ದಾಳೆ. ಎಡಗೈಯಲ್ಲಿ ಬ್ರಷ್ಷು.
ಕಸಿದುಕೊಳ್ಳಲು ಹೋದೆ, ಕೊಡಲಿಲ್ಲ; ಕೊನೆಗೆ
ಅವಳು ಪುಡಿ ಉದುರಿಸುತ್ತಾ ಹೋದಳು, ನಾನು ಉಜ್ಜುತ್ತಾ.
ಏಳನೆಯದರ ಬಿರುಕಿನಲ್ಲಿ ಏನೋ ಹೊಳೆಯಿತು,
ಗಾಜೋ ಹಾವಸೆಯೋ ತಿಳಿಯುವಷ್ಟರಲ್ಲಿ
ಬೆರಳು ಕೊಯ್ದಿತ್ತು.
"ಬಗ್ಗಿ ನೋಡ್ರೀ ಅಕ್ಕಾರ," ಅಂದಳು,
"ನಿಂತು ನೋಡಿದ್ರ ಎಲ್ಲಾ ಹಸರನ."

ಬಗ್ಗಿದೆ. ಮಳೆ ಮತ್ತೆ ಹಿಡಿಯಿತು.
ಇನ್ನೂ ನಾಲ್ಕು ಮೆಟ್ಟಿಲಿತ್ತು.